ಆಫೀಸ್ ತಂತ್ರಾಂಶದಿಂದ ಡೇಟಾಬೇಸ್‌ವರೆಗೆ: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ಕಂಪ್ಯೂಟರಿನಲ್ಲಿ ಕಚೇರಿ ಕೆಲಸ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ವರ್ಡ್, ಬಳಿಕ ಎಕ್ಸೆಲ್, ಸಮಯ ಉಳಿದರೆ ಆಕ್ಸೆಸ್ ಎಂಬ ಕ್ರಮವನ್ನು ಹಿಡಿಯುತ್ತಾರೆ. ಕ್ರಮವೇನೋ ಸರಿಯಾಗಿಯೇ ಇದೆ. ಆದರೆ ಇವು ಮೂರೂ ಬೇರೆ ಬೇರೆ ವಿದ್ಯೆಗಳೆಂದು ಭಾವಿಸಿ, ಯಾವ ಮೆನುವಿನಲ್ಲಿ ಯಾವ ಆಯ್ಕೆ ಇದೆ ಎಂಬುದನ್ನು ಬಾಯಿಪಾಠ ಮಾಡುವುದರಲ್ಲೇ ಬಹಳಷ್ಟು ಶ್ರಮ ಹೋಗುತ್ತದೆ. ಹೊಸ ಆವೃತ್ತಿ ಬಂದಾಗ ಮೆನುಗಳು ಬದಲಾಗುತ್ತವೆ, ಆದರೆ ಮಾಹಿತಿಯನ್ನು ಅಡಕವಾಗಿ ಜೋಡಿಸುವ ರೀತಿ ಬದಲಾಗುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ನಾನು ಒತ್ತು ಕೊಡುವುದು ಆ ಜೋಡಣೆಗೆ. ಒಂದು ಸಾಲಿನಲ್ಲಿ ಒಂದೇ ಸಂಗತಿ, ಒಂದು ಕಾಲಂನಲ್ಲಿ ಒಂದೇ ಬಗೆಯ ವಿವರ, ಒಂದು ವಿವರಕ್ಕೆ ಒಂದೇ ಜಾಗ ಎಂಬ ಶಿಸ್ತು ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ನಲ್ಲೇ ರೂಢಿಯಾದರೆ, ಡೇಟಾಬೇಸ್ (ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಮಾಹಿತಿ ಇಡುವ ವ್ಯವಸ್ಥೆ) ಎಂಬುದು ಅದರ ಸಹಜವಾದ ಮುಂದುವರಿಕೆಯಾಗಿ ಕಾಣುತ್ತದೆ.

ಉದಾಹರಣೆಗಳಿಗೆ ಲಿಬ್ರೆಆಫೀಸನ್ನು ಬಳಸಿದ್ದೇನೆ. 2010ರಲ್ಲಿ ಓಪನ್ಆಫೀಸ್‌ನಿಂದ ಕವಲೊಡೆದ ಈ ತಂತ್ರಾಂಶವನ್ನು ದಿ ಡಾಕ್ಯುಮೆಂಟ್ ಫೌಂಡೇಶನ್ ನೋಡಿಕೊಳ್ಳುತ್ತಿದೆ. ಇದನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ಮತ್ತು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಇದು ನಡೆಯುತ್ತದೆ. ಇದರಲ್ಲಿ ಬರವಣಿಗೆಗೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಡೇಟಾಬೇಸ್‌ಗೆ ಬೇಸ್ ಇವೆ. ಮೈಕ್ರೋಸಾಫ್ಟ್ ಆಫೀಸ್ ಬಳಸುವವರು ಇವುಗಳ ಜಾಗದಲ್ಲಿ ಕ್ರಮವಾಗಿ ವರ್ಡ್, ಎಕ್ಸೆಲ್, ಆಕ್ಸೆಸ್ ಎಂದು ಓದಿಕೊಳ್ಳಬಹುದು. ಹೆಸರುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಕೆಲಸದ ಬಗೆ ಒಂದೇ.

ಮೊದಲು ಕಡತಗಳ ಶಿಸ್ತು

ತಂತ್ರಾಂಶ ತೆರೆಯುವ ಮುನ್ನ ಕಡತಗಳಿಗೆ ಹೆಸರಿಡುವ ಪದ್ಧತಿಯೊಂದನ್ನು ನಿಶ್ಚಯಿಸಿಕೊಳ್ಳಿ. "ಹೊಸ ಪಟ್ಟಿ", "ಅಂತಿಮ ಪಟ್ಟಿ", "ಅಂತಿಮ ಪಟ್ಟಿ 2" ಎಂಬ ಹೆಸರುಗಳು ಒಂದು ವಾರದ ನಂತರ ಯಾವ ಅರ್ಥವನ್ನೂ ಕೊಡುವುದಿಲ್ಲ. ಹೆಸರಿನ ಆರಂಭದಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ಅಂದರೆ 2025-03-14 ಎಂಬಂತೆ, ದಿನಾಂಕವನ್ನು ಬರೆದರೆ ಫೋಲ್ಡರ್‌ನಲ್ಲಿ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಹೀಗಾಗುವುದಿಲ್ಲ. ಕೆಲಸ ಆರಂಭಿಸಿದ ಕೂಡಲೇ ಕಡತವನ್ನು ಒಮ್ಮೆ ಉಳಿಸಿ, ಆಮೇಲೆ ಆಗಾಗ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತುವುದು ಕೈಗೆ ಅಭ್ಯಾಸವಾಗಬೇಕು.

ಕನ್ನಡದಲ್ಲಿ ಮಾಹಿತಿ ತುಂಬುವವರು ಇನ್ನೊಂದು ವಿಷಯವನ್ನು ಆರಂಭದಲ್ಲೇ ನಿರ್ಧರಿಸಬೇಕು. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ನಿಗದಿತ ಸಂಕೇತವಿರುವ ಪದ್ಧತಿಯಲ್ಲೇ ಆಗಿರಲಿ. ಹಳೆಯ ಫಾಂಟ್ ಆಧಾರಿತ ವಿಧಾನದಲ್ಲಿ ಪರದೆಯ ಮೇಲೆ ಕನ್ನಡ ಕಾಣಿಸಿದರೂ ಕಡತದ ಒಳಗೆ ಇರುವುದು ಬೇರೆ ಸಂಕೇತಗಳು, ಹಾಗಾಗಿ ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು, ಎರಡು ಹೆಸರುಗಳನ್ನು ಹೋಲಿಸುವುದು ಯಾವುದೂ ಸರಿಯಾಗಿ ನಡೆಯುವುದಿಲ್ಲ. ಮುದ್ರಿಸಿ ಮುಗಿಸುವ ಪತ್ರಕ್ಕೆ ಇದು ಅಷ್ಟಾಗಿ ಬಾಧಿಸದಿರಬಹುದು, ಆದರೆ ಡೇಟಾಬೇಸ್‌ಗೆ ಇದು ಬುಡದಲ್ಲೇ ಬೀಳುವ ಪೆಟ್ಟು.

ಬರವಣಿಗೆಯ ತಂತ್ರಾಂಶ: ಸ್ಟೈಲ್‌ಗಳಿಂದ ಆರಂಭಿಸಿ

ರೈಟರ್ ಅಥವಾ ವರ್ಡ್‌ನಲ್ಲಿ ಕಲಿಯಬೇಕಾದದ್ದು ಹೊರನೋಟಕ್ಕೆ ಕಾಣುವಷ್ಟು ಹೆಚ್ಚಿಲ್ಲ. ಶೀರ್ಷಿಕೆಯನ್ನು ಆಯ್ಕೆ ಮಾಡಿ ಅಕ್ಷರದ ಗಾತ್ರವನ್ನು ಕೈಯಾರೆ ದೊಡ್ಡದು ಮಾಡುವ ಬದಲು, ಅದಕ್ಕೆ "ಹೆಡಿಂಗ್ 1" ಎಂಬ ಸ್ಟೈಲ್ ಕೊಡುವುದನ್ನು ರೂಢಿಸಿಕೊಳ್ಳಿ. ಹೀಗೆ ಮಾಡಿದಾಗ ಇದು ಶೀರ್ಷಿಕೆ ಎಂಬುದು ತಂತ್ರಾಂಶಕ್ಕೂ ತಿಳಿಯುತ್ತದೆ. ಐವತ್ತು ಪುಟಗಳ ವರದಿಗೆ ಪರಿವಿಡಿಯನ್ನು ಅದು ತಾನೇ ತಯಾರಿಸುತ್ತದೆ, ಸ್ಟೈಲನ್ನು ಒಂದೆಡೆ ಬದಲಿಸಿದರೆ ಎಲ್ಲ ಶೀರ್ಷಿಕೆಗಳೂ ಬದಲಾಗುತ್ತವೆ. ಪದಗಳನ್ನು ಪಕ್ಕಕ್ಕೆ ಸರಿಸಲು ಸ್ಪೇಸ್ ಕೀಲಿಯನ್ನು ಮತ್ತೆ ಮತ್ತೆ ಒತ್ತಬೇಡಿ, ಹೊಸ ಪುಟಕ್ಕೆ ಹೋಗಲು ಎಂಟರ್ ಕೀಲಿಯನ್ನು ಸಾಲಾಗಿ ಒತ್ತಬೇಡಿ. ಮೊದಲನೆಯದಕ್ಕೆ ಟ್ಯಾಬ್ ಅಥವಾ ಟೇಬಲ್ ಇದೆ, ಎರಡನೆಯದಕ್ಕೆ ಕಂಟ್ರೋಲ್ ಮತ್ತು ಎಂಟರ್ ಇದೆ. ಇಷ್ಟು ಕೈಗೆ ಹತ್ತಿದರೆ ಬರವಣಿಗೆಯ ತಂತ್ರಾಂಶದಲ್ಲಿ ಉಳಿದದ್ದನ್ನು ಅಗತ್ಯ ಬಿದ್ದಾಗ ಕಲಿಯಬಹುದು.

ಸ್ಪ್ರೆಡ್‌ಶೀಟ್: ನಿಜವಾದ ತಳಪಾಯ

ಕಲಿಕೆಯ ಹೆಚ್ಚಿನ ಸಮಯವನ್ನು ಇಲ್ಲಿ ಕಳೆಯುವುದು ಒಳ್ಳೆಯದು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಬಂದಾಗಿನಿಂದ ಇಂದಿನವರೆಗೂ ಸ್ಪ್ರೆಡ್‌ಶೀಟ್‌ನ ಮೂಲ ರೂಪ ಬದಲಾಗಿಲ್ಲ. ಅಡ್ಡ ಸಾಲುಗಳು, ಲಂಬ ಕಾಲಂಗಳು, ಅವು ಕೂಡುವಲ್ಲಿ ಒಂದು ಸೆಲ್, ಒಂದು ಸೆಲ್ ಬದಲಾದರೆ ಅದನ್ನು ಅವಲಂಬಿಸಿದ ಲೆಕ್ಕವೆಲ್ಲ ತಾನಾಗಿ ಬದಲಾಗುವುದು. ಈ ಸ್ವಾತಂತ್ರ್ಯವೇ ಅದರ ಶಕ್ತಿ. ಯಾವ ಸೆಲ್‌ನಲ್ಲಿ ಏನು ಬೇಕಾದರೂ ಬರೆಯಬಹುದಾದ್ದರಿಂದ ದೌರ್ಬಲ್ಯವೂ ಅದೇ.

ಒಂದು ಚಿಕ್ಕ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಎರವಲು ಕೊಡುವ ಲೆಕ್ಕವನ್ನು ಬರೆದಿಡಬೇಕಾಗಿದೆ ಎಂದುಕೊಳ್ಳೋಣ. ಕ್ಯಾಲ್ಕ್‌ನಲ್ಲಿ ಹೊಸ ಹಾಳೆ ತೆರೆದು ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳನ್ನು ಬರೆಯಿರಿ: ಪಡೆದ ದಿನ, ಸದಸ್ಯರ ಹೆಸರು, ಫೋನ್, ಪುಸ್ತಕ, ಲೇಖಕ, ಮರಳಿಸಿದ ದಿನ. ಇದರ ಮೇಲೆ ಅಲಂಕಾರದ ದೊಡ್ಡ ಶೀರ್ಷಿಕೆ ಬೇಡ. ಸೆಲ್‌ಗಳನ್ನು ಒಂದಾಗಿಸುವುದು ಬೇಡ, ನಡುವೆ ಖಾಲಿ ಸಾಲುಗಳೂ ಬೇಡ. ಸಾರ್ಟ್ ಮತ್ತು ಫಿಲ್ಟರ್ ಸೌಲಭ್ಯಗಳು ಸಾಮಾನ್ಯವಾಗಿ ಖಾಲಿ ಸಾಲನ್ನು ಪಟ್ಟಿಯ ಕೊನೆಯೆಂದು ತಿಳಿಯುತ್ತವೆ, ಹಾಗಾಗಿ ಅಂದಕ್ಕಾಗಿ ಬಿಟ್ಟ ಒಂದು ಸಾಲಿನಿಂದ ಅದರ ಕೆಳಗಿನ ದಾಖಲೆಗಳೆಲ್ಲ ಲೆಕ್ಕದಿಂದ ಹೊರಗುಳಿಯಬಹುದು. ಪಟ್ಟಿ ಉದ್ದವಾದಾಗ ಶೀರ್ಷಿಕೆಯ ಸಾಲು ಕಣ್ಮರೆಯಾಗದಂತೆ ವ್ಯೂ ಮೆನುವಿನ ಫ್ರೀಜ್ ಆಯ್ಕೆಯಿಂದ ಅದನ್ನು ಮೇಲೆಯೇ ನಿಲ್ಲಿಸಿಡಿ.

ಮುಂದಿನ ಹೆಜ್ಜೆ ಪ್ರತಿ ಕಾಲಂನ ಬಗೆಯನ್ನು ನಿರ್ಧರಿಸುವುದು. ಹೊಸಬರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ, ಮುಂದಿನ ತೊಡಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಸೆಲ್‌ನಲ್ಲಿ ಏನನ್ನಾದರೂ ಬರೆದು ಎಂಟರ್ ಒತ್ತಿದಾಗ ತಂತ್ರಾಂಶ ಅದು ಸಂಖ್ಯೆಯೋ, ದಿನಾಂಕವೋ, ಪಠ್ಯವೋ ಎಂದು ತಾನೇ ಊಹಿಸುತ್ತದೆ. ಸಂಖ್ಯೆ ಮತ್ತು ದಿನಾಂಕಗಳು ಸೆಲ್‌ನ ಬಲಕ್ಕೆ, ಪಠ್ಯ ಎಡಕ್ಕೆ ಅಂಟಿಕೊಳ್ಳುತ್ತದೆ. ಈ ಒಂದು ಗುರುತಿನಿಂದ ಅರ್ಧದಷ್ಟು ದೋಷಗಳನ್ನು ಕಣ್ಣಳತೆಯಲ್ಲೇ ಹಿಡಿಯಬಹುದು. ದಿನಾಂಕದ ಕಾಲಂನಲ್ಲಿ ಯಾವುದಾದರೂ ಸಾಲು ಎಡಕ್ಕೆ ನಿಂತಿದ್ದರೆ ಅದನ್ನು ತಂತ್ರಾಂಶ ದಿನಾಂಕವೆಂದು ಸ್ವೀಕರಿಸಿಲ್ಲ, ಸಾರ್ಟ್ ಮಾಡಿದಾಗ ಅದು ತಪ್ಪು ಜಾಗಕ್ಕೆ ಹೋಗುತ್ತದೆ ಎಂದು ತಿಳಿಯಬೇಕು.

ಸೊನ್ನೆಯಿಂದ ಆರಂಭವಾಗುವ ಫೋನ್ ಸಂಖ್ಯೆಯನ್ನು ಹಾಗೆಯೇ ಬರೆದರೆ ಆ ಸೊನ್ನೆ ಮಾಯವಾಗುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುವುದರಿಂದ 16 ಅಂಕಿಗಳ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಕೂಡುವ ಕಳೆಯುವ ಪ್ರಸಂಗವೇ ಬಾರದ ಅಂಕಿಗಳೆಲ್ಲವೂ ಪಠ್ಯವೇ ಎಂದು ಭಾವಿಸಿ, ಮಾಹಿತಿ ತುಂಬುವ ಮೊದಲೇ ಆ ಕಾಲಂನ ಫಾರ್ಮ್ಯಾಟನ್ನು "ಟೆಕ್ಸ್ಟ್" ಎಂದು ಬದಲಿಸಿ. ಈ ಊಹೆಯ ಕಾಟ ಹೊಸಬರಿಗೆ ಮಾತ್ರ ಸೀಮಿತವಲ್ಲ. ಮಾರ್ಚ್1 ಎಂಬಂಥ ಸಂಕೇತನಾಮದ ಜೀನ್‌ಗಳನ್ನು ಎಕ್ಸೆಲ್ ದಿನಾಂಕವಾಗಿ ಬದಲಿಸುತ್ತಿದ್ದ ಕಾರಣ, ಮಾನವ ಜೀನ್‌ಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿಯೇ ಅಂಥ ಜೀನ್‌ಗಳ ಸಂಕೇತನಾಮಗಳನ್ನು ಬದಲಿಸಿ, 2020ರ ತನ್ನ ಮಾರ್ಗಸೂಚಿಯಲ್ಲಿ ಈ ಕಾರಣವನ್ನು ದಾಖಲಿಸಬೇಕಾಯಿತು.

ಬಗೆ ಸರಿಯಾದ ಮೇಲೆ ಕಾಗುಣಿತದ ಕಡೆಗೆ ಗಮನ ಹರಿಸಿ. "ಸುರೇಶ" ಮತ್ತು "ಸುರೇಶ್" ನಮಗೆ ಒಬ್ಬರೇ, ಕಂಪ್ಯೂಟರಿಗೆ ಇಬ್ಬರು. ಹೆಸರಿನ ಕೊನೆಯಲ್ಲಿ ಅರಿವಿಲ್ಲದೆ ಬಿದ್ದ ಒಂದು ಸ್ಪೇಸ್‌ನಿಂದಲೂ ಮೂರನೆಯ ವ್ಯಕ್ತಿ ಹುಟ್ಟಿಕೊಳ್ಳುತ್ತಾನೆ. ಕನ್ನಡದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ಅರ್ಧಾಕ್ಷರಗಳನ್ನು ಬಿಡಿಸಿ ತೋರಿಸಲು ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಡುವೆ ಸೇರಿಸುತ್ತವೆ, ಹಾಗಾಗಿ ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಹೆಸರುಗಳೂ ಹೋಲಿಕೆಯಲ್ಲಿ ಬೇರೆಯಾಗಬಹುದು. ಆದ್ದರಿಂದ ಮತ್ತೆ ಮತ್ತೆ ಬರುವ ಹೆಸರುಗಳನ್ನು ಟೈಪ್ ಮಾಡದೆ ಪಟ್ಟಿಯಿಂದ ಆರಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ಕ್ಯಾಲ್ಕ್‌ನಲ್ಲಿ ಡೇಟಾ ಮೆನುವಿನ ವ್ಯಾಲಿಡಿಟಿ, ಎಕ್ಸೆಲ್‌ನಲ್ಲಿ ಡೇಟಾ ವ್ಯಾಲಿಡೇಶನ್ ಇರುವುದು ಇದಕ್ಕೇ.

ಫಾರ್ಮುಲಾಗಳಲ್ಲಿ ಸಮ್, ಕೌಂಟ್‌ಇಫ್, ವಿಲುಕಪ್ ಮೂರನ್ನು ಚೆನ್ನಾಗಿ ಕಲಿತರೆ ಆರಂಭಕ್ಕೆ ಸಾಕು. ಸಮ್ ಕೂಡುತ್ತದೆ, ಕೌಂಟ್‌ಇಫ್ ಒಂದು ಷರತ್ತಿಗೆ ಹೊಂದುವ ಸೆಲ್‌ಗಳನ್ನು ಎಣಿಸುತ್ತದೆ, ವಿಲುಕಪ್ ಒಂದು ಪಟ್ಟಿಯಲ್ಲಿ ಹುಡುಕಿ ಅದರ ಪಕ್ಕದ ವಿವರವನ್ನು ತಂದುಕೊಡುತ್ತದೆ. ಫಾರ್ಮುಲಾವನ್ನು ಕೆಳಗಿನ ಸಾಲುಗಳಿಗೆ ಎಳೆದಾಗ ಅದರೊಳಗಿನ ಸೆಲ್ ವಿಳಾಸಗಳೂ ಜೊತೆಗೆ ಸರಿಯುತ್ತವೆ. ಸರಿಯಬಾರದ ವಿಳಾಸಕ್ಕೆ ಎಫ್4 ಕೀಲಿಯಿಂದ ಡಾಲರ್ ಚಿಹ್ನೆ ಹಾಕಬೇಕು ಎಂಬುದನ್ನು ಮರೆಯಬಾರದು. ವಿಲುಕಪ್ ಬಳಸುವಾಗ ಕೊನೆಯ ಆಯ್ಕೆಯನ್ನು ಖಾಲಿ ಬಿಟ್ಟರೆ ಅದು ನಿಖರವಾದ ಹೆಸರಿನ ಬದಲು ಹತ್ತಿರದ ಹೆಸರನ್ನು ಹಿಡಿದು ತರಬಹುದು. ಹಾಗಾಗಿ ಅಲ್ಲಿ ಸೊನ್ನೆಯನ್ನು ಬರೆಯುವುದನ್ನು ಕಡ್ಡಾಯ ಮಾಡಿಕೊಳ್ಳಿ.

ಸ್ಪ್ರೆಡ್‌ಶೀಟ್ ಸಾಲದಾಗುವುದು ಎಲ್ಲಿ

ನಮ್ಮ ಎರವಲು ಪಟ್ಟಿಗೆ ಮರಳೋಣ. ಒಬ್ಬ ಸದಸ್ಯೆ ವರ್ಷದಲ್ಲಿ ನಲವತ್ತು ಪುಸ್ತಕ ಪಡೆದರೆ ಅವರ ಫೋನ್ ಸಂಖ್ಯೆಯನ್ನು ನಲವತ್ತು ಸಾಲುಗಳಲ್ಲಿ ಬರೆದಿರುತ್ತೇವೆ. ಅವರು ಸಂಖ್ಯೆ ಬದಲಿಸಿದರೆ ನಲವತ್ತು ಕಡೆಯೂ ತಿದ್ದಬೇಕು. ಒಂದು ಕಡೆ ಬಿಟ್ಟುಹೋದರೂ ಯಾವುದು ಸರಿ ಎಂಬುದನ್ನು ಪಟ್ಟಿಯೇ ಹೇಳಲಾರದು. ಇನ್ನೂ ಯಾವ ಪುಸ್ತಕವನ್ನೂ ಪಡೆಯದ ಹೊಸ ಸದಸ್ಯರನ್ನು ಬರೆಯಲು ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಸದಸ್ಯ, ಪುಸ್ತಕ, ಎರವಲು ಎಂಬ ಮೂರು ಬೇರೆ ಸಂಗತಿಗಳನ್ನು ನಾವು ಒಂದೇ ಸಾಲಿನಲ್ಲಿ ತುಂಬಿರುವುದರಿಂದ ಹೀಗಾಗಿದೆ.

ಗಾತ್ರದ ಮಿತಿಯೂ ಇದೆ. ಇಂದಿನ ಎಕ್ಸೆಲ್ ಹಾಳೆಯೊಂದರಲ್ಲಿ 10,48,576 ಸಾಲುಗಳಿವೆ, 2007ಕ್ಕೆ ಹಿಂದಿನ ರೂಪದಲ್ಲಿ 65,536 ಮಾತ್ರ ಇದ್ದವು. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಕೋವಿಡ್ ದೈನಿಕ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋದದ್ದು, ಪ್ರಯೋಗಾಲಯಗಳ ಮಾಹಿತಿಯನ್ನು ಆ ಹಳೆಯ ರೂಪದ ಕಡತಕ್ಕೆ ತುಂಬುವಾಗ ಸಾಲುಗಳು ಮುಗಿದುಹೋದ ಕಾರಣದಿಂದ ಎಂದು ವರದಿಯಾಯಿತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅದರಿಂದ ತಡವಾಯಿತು. ಸ್ಪ್ರೆಡ್‌ಶೀಟ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಲೆಕ್ಕ ಹಾಕಲು, ಅಂದಾಜು ಮಾಡಲು, ನಕ್ಷೆ ಬಿಡಿಸಲು ಅದಕ್ಕಿಂತ ಸುಲಭವಾದ ಸಾಧನವಿಲ್ಲ. ವರ್ಷಗಟ್ಟಲೆ ಬೆಳೆಯುವ ದಾಖಲೆಗಳನ್ನು ಕಾಪಾಡುವ ಹೊಣೆಯನ್ನು ಮಾತ್ರ ಅದರ ಮೇಲೆ ಹೊರಿಸಬಾರದು.

ಮೊದಲ ಡೇಟಾಬೇಸ್, ಹೆಜ್ಜೆ ಹೆಜ್ಜೆಯಾಗಿ

ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಬಿಡಿಸಿಡಬೇಕೆಂಬ ಸಿದ್ಧಾಂತವನ್ನು 1970ರಲ್ಲಿ ಐಬಿಎಂ ಸಂಶೋಧಕ ಎಡ್ಗರ್ ಕಾಡ್ ಮಂಡಿಸಿದರು. ಆಕ್ಸೆಸ್, ಬೇಸ್, ಮೈಎಸ್‌ಕ್ಯುಎಲ್, ಒರಾಕಲ್ ಇವೆಲ್ಲ ನಿಂತಿರುವುದು ಆ ನೆಲೆಯ ಮೇಲೆ. ನಮ್ಮ ಮೊದಲ ಕೆಲಸ ಕಂಪ್ಯೂಟರಿನಲ್ಲಿ ಅಲ್ಲ, ಕಾಗದದ ಮೇಲೆ. ಮೂರು ಚೌಕ ಬರೆದು ಸದಸ್ಯರು, ಪುಸ್ತಕಗಳು, ಎರವಲು ಎಂದು ಹೆಸರಿಡಿ. ಪ್ರತಿ ಚೌಕದೊಳಗೆ ಆ ಸಂಗತಿಗೆ ಮಾತ್ರ ಸೇರಿದ ವಿವರಗಳನ್ನು ಬರೆಯಿರಿ. ಫೋನ್ ಸಂಖ್ಯೆ ಸದಸ್ಯರದು, ಲೇಖಕರ ಹೆಸರು ಪುಸ್ತಕದ್ದು, ಪಡೆದ ಮತ್ತು ಮರಳಿಸಿದ ದಿನಗಳು ಎರವಲಿನವು. ಯಾವ ವಿವರವನ್ನಾದರೂ ಎರಡು ಚೌಕಗಳಲ್ಲಿ ಬರೆಯಬೇಕೆನಿಸಿದರೆ ಅಲ್ಲೇ ನಿಂತು ಅದು ನಿಜವಾಗಿ ಯಾವುದಕ್ಕೆ ಸೇರಿದ್ದೆಂದು ಯೋಚಿಸಿ. ಈ ಕಾಗದಕ್ಕೆ ಒಂದು ಗಂಟೆ ಹಿಡಿದರೂ ಅದು ಸಾರ್ಥಕ, ಏಕೆಂದರೆ ನೂರಾರು ದಾಖಲೆಗಳು ತುಂಬಿದ ಮೇಲೆ ಕೋಷ್ಟಕದ ಸ್ವರೂಪವನ್ನು ಬದಲಿಸುವುದು ಬಹಳ ಕಷ್ಟ.

ಈಗ ಬೇಸ್ ತೆರೆದು "ಕ್ರಿಯೇಟ್ ಎ ನ್ಯೂ ಡೇಟಾಬೇಸ್" ಆಯ್ಕೆ ಮಾಡಿ. ಎಂಬೆಡೆಡ್ ಡೇಟಾಬೇಸ್ (ಮಾಹಿತಿಯೆಲ್ಲ ಈ ಒಂದೇ ಕಡತದೊಳಗೆ ಇರುವ ಬಗೆ) ಎಂಬಲ್ಲಿ ಎಚ್‌ಎಸ್‌ಕ್ಯುಎಲ್‌ಡಿಬಿ ಎಂಬ ಡೇಟಾಬೇಸ್ ಎಂಜಿನ್ ಇರಲಿ, ಮುಂದಿನ ಹಂತದಲ್ಲಿ ರಿಜಿಸ್ಟರ್ ಮಾಡಲು ಒಪ್ಪಿ, ಕಡತಕ್ಕೆ ಹೆಸರು ಕೊಟ್ಟು ಉಳಿಸಿ. ಜಾವಾ ಇಲ್ಲವೆಂಬ ಸಂದೇಶ ಬಂದರೆ ಮೊದಲು ಜಾವಾ ರನ್‌ಟೈಮನ್ನು ಅಳವಡಿಸಿಕೊಳ್ಳಬೇಕು, ಏಕೆಂದರೆ ಎಚ್‌ಎಸ್‌ಕ್ಯುಎಲ್‌ಡಿಬಿ ನಡೆಯುವುದು ಅದರ ಮೇಲೆ. ನಂತರ ಕಾಣುವ ಕಿಟಕಿಯ ಎಡಬದಿಯಲ್ಲಿ ಟೇಬಲ್ಸ್, ಕ್ವೆರೀಸ್, ಫಾರ್ಮ್ಸ್, ರಿಪೋರ್ಟ್ಸ್ ಎಂಬ ನಾಲ್ಕು ವಿಭಾಗಗಳಿರುತ್ತವೆ. ಮಾಹಿತಿ ಇರುವುದು ಟೇಬಲ್‌ಗಳಲ್ಲಿ ಮಾತ್ರ, ಉಳಿದ ಮೂರು ಅದನ್ನು ನೋಡುವ, ತುಂಬುವ, ಮುದ್ರಿಸುವ ದಾರಿಗಳು.

ಟೇಬಲ್ಸ್ ವಿಭಾಗದಲ್ಲಿ "ಕ್ರಿಯೇಟ್ ಟೇಬಲ್ ಇನ್ ಡಿಸೈನ್ ವ್ಯೂ" ಒತ್ತಿ ಸದಸ್ಯರ ಕೋಷ್ಟಕವನ್ನು ರಚಿಸೋಣ. ಮೊದಲ ಫೀಲ್ಡ್, ಅಂದರೆ ಕೋಷ್ಟಕದ ಕಾಲಂ, ಸದಸ್ಯರ ಗುರುತಿನ ಸಂಖ್ಯೆ. ಅದರ ಬಗೆ ಇಂಟಿಜರ್ (ಪೂರ್ಣಾಂಕ), ಕೆಳಗಿನ ಗುಣಗಳಲ್ಲಿ ಸಂಖ್ಯೆಯನ್ನು ತಾನೇ ಕೊಡುವ ಆಟೋವ್ಯಾಲ್ಯೂ "ಯೆಸ್". ಆ ಸಾಲಿನ ಎಡತುದಿಯಲ್ಲಿ ಮೌಸ್‌ನ ಬಲಗುಂಡಿ ಒತ್ತಿ ಪ್ರೈಮರಿ ಕೀ ಎಂದು ಗುರುತಿಸಿ. ಇಬ್ಬರು ಸದಸ್ಯರ ಹೆಸರು ಒಂದೇ ಇರಬಹುದು, ಒಬ್ಬರ ಹೆಸರೇ ಬದಲಾಗಬಹುದು, ಆದರೆ ಈ ಸಂಖ್ಯೆ ಎಂದೂ ಬದಲಾಗದು, ಇನ್ನೊಬ್ಬರಿಗೆ ಸಲ್ಲದು. ಮುಂದೆ ಹೆಸರು ಮತ್ತು ಫೋನ್, ಎರಡಕ್ಕೂ ಬಗೆ ಟೆಕ್ಸ್ಟ್. ಹೆಸರಿಗೆ "ಎಂಟ್ರಿ ರಿಕ್ವೈರ್ಡ್" ಎಂಬಲ್ಲಿ "ಯೆಸ್" ಎಂದಿಟ್ಟರೆ ಹೆಸರಿಲ್ಲದ ದಾಖಲೆಯನ್ನು ಬೇಸ್ ಒಪ್ಪುವುದಿಲ್ಲ. ಫೀಲ್ಡ್ ಹೆಸರುಗಳನ್ನು ಸ್ಪೇಸ್ ಇಲ್ಲದ ಚಿಕ್ಕ ಇಂಗ್ಲಿಷ್ ಪದಗಳಲ್ಲಿಡುವುದು ಮುಂದೆ ಅನುಕೂಲ, ಒಳಗಿನ ಮಾಹಿತಿ ಕನ್ನಡದಲ್ಲೇ ಇರಲಿ. ಪುಸ್ತಕಗಳ ಕೋಷ್ಟಕವನ್ನೂ ಇದೇ ರೀತಿ ಮಾಡಿ.

ಎರವಲು ಕೋಷ್ಟಕದಲ್ಲಿ ಒಂದು ವ್ಯತ್ಯಾಸವಿದೆ. ಅದಕ್ಕೆ ತನ್ನದೇ ಆಟೋವ್ಯಾಲ್ಯೂ ಗುರುತಿನ ಸಂಖ್ಯೆ ಇರುತ್ತದೆ. ಅದರ ಜೊತೆಗೆ ಸದಸ್ಯರ ಸಂಖ್ಯೆ ಮತ್ತು ಪುಸ್ತಕದ ಸಂಖ್ಯೆ ಎಂಬ ಎರಡು ಇಂಟಿಜರ್ ಫೀಲ್ಡ್‌ಗಳು ಬೇಕು, ಇವಕ್ಕೆ ಆಟೋವ್ಯಾಲ್ಯೂ ಕೊಡಬಾರದು. ಇವು ಬೇರೆ ಕೋಷ್ಟಕಗಳಲ್ಲಿ ಈಗಾಗಲೇ ಹುಟ್ಟಿರುವ ಸಂಖ್ಯೆಗಳನ್ನು ಹೇಳುವ ಫೀಲ್ಡ್‌ಗಳು, ತಾವೇ ಸಂಖ್ಯೆ ಹುಟ್ಟಿಸಬೇಕಾದವಲ್ಲ. ಪಡೆದ ದಿನ, ಮರಳಿಸಬೇಕಾದ ದಿನ, ಮರಳಿಸಿದ ದಿನ, ಮೂರಕ್ಕೂ ಬಗೆ ಡೇಟ್. ಮೊದಲೆರಡು ಕಡ್ಡಾಯ, ಮೂರನೆಯದು ಪುಸ್ತಕ ಮರಳುವವರೆಗೆ ಖಾಲಿ.

ಟೇಬಲ್‌ಗಳನ್ನೆಲ್ಲ ಉಳಿಸಿ ಮುಚ್ಚಿದ ಮೇಲೆ ಟೂಲ್ಸ್ ಮೆನುವಿನ ರಿಲೇಶನ್‌ಶಿಪ್ಸ್ ತೆರೆಯಿರಿ. ಮೂರೂ ಕೋಷ್ಟಕಗಳನ್ನು ಸೇರಿಸಿ, ಸದಸ್ಯರ ಕೋಷ್ಟಕದ ಗುರುತಿನ ಸಂಖ್ಯೆಯನ್ನು ಮೌಸ್‌ನಿಂದ ಹಿಡಿದು ಎರವಲು ಕೋಷ್ಟಕದ ಸದಸ್ಯರ ಸಂಖ್ಯೆಯ ಮೇಲೆ ಬಿಡಿ. ನಡುವೆ ಒಂದು ಗೆರೆ ಮೂಡಿ, ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ ಎನ್ ಎಂದು ಕಾಣಿಸುತ್ತದೆ. ಒಬ್ಬ ಸದಸ್ಯರಿಗೆ ಹಲವು ಎರವಲುಗಳಿರಬಹುದು, ಒಂದು ಎರವಲಿಗೆ ಒಬ್ಬರೇ ಸದಸ್ಯರು ಎಂಬುದು ಇದರ ಅರ್ಥ. ಪುಸ್ತಕಕ್ಕೂ ಹೀಗೆಯೇ ಮಾಡಿ. ಅಳಿಸುವಾಗ ಏನಾಗಬೇಕೆಂಬ ಆಯ್ಕೆಯನ್ನು ಸದ್ಯಕ್ಕೆ "ನೋ ಆಕ್ಷನ್" ಎಂದೇ ಬಿಡಿ. ಆಗ ಎರವಲು ದಾಖಲೆಗಳಿರುವ ಸದಸ್ಯರನ್ನು ಅಳಿಸಲು ಹೋದರೆ ಡೇಟಾಬೇಸ್ ತಡೆಯುತ್ತದೆ, ಇಲ್ಲದ ಸದಸ್ಯರ ಸಂಖ್ಯೆ ಬರೆದರೂ ತಡೆಯುತ್ತದೆ. ಸ್ಪ್ರೆಡ್‌ಶೀಟ್ ಕೊಡಲಾರದ ಕಾವಲು ಇದು. ಹೊಸಬರು ಈ ದೋಷಸಂದೇಶಗಳನ್ನು ಕಂಡು ಗಾಬರಿಯಾಗದೆ ನಿಧಾನವಾಗಿ ಓದಬೇಕು.

ಹಳೆಯ ಪಟ್ಟಿ ಕ್ಯಾಲ್ಕ್‌ನಲ್ಲಿದ್ದರೆ ಮತ್ತೆ ಟೈಪ್ ಮಾಡಬೇಕಿಲ್ಲ. ಹೆಸರುಗಳನ್ನು ಸಾರ್ಟ್ ಮಾಡಿ, ಅವಳಿ ಹೆಸರುಗಳನ್ನು ತಿದ್ದಿ, ಪ್ರತಿ ಸದಸ್ಯರೂ ಒಮ್ಮೆ ಮಾತ್ರ ಬರುವಂತೆ ಮಾಡಿಕೊಂಡು, ಕಾಲಂ ಹೆಸರುಗಳ ಸಹಿತ ಕಾಪಿ ಮಾಡಿ ಬೇಸ್‌ನ ಟೇಬಲ್ಸ್ ವಿಭಾಗದಲ್ಲಿ ಪೇಸ್ಟ್ ಮಾಡಿದರೆ ಒಂದು ವಿಝಾರ್ಡ್ ತೆರೆದುಕೊಳ್ಳುತ್ತದೆ. ಅಲ್ಲಿ ಈಗಾಗಲೇ ಇರುವ ಕೋಷ್ಟಕದ ಹೆಸರು ಕೊಟ್ಟು "ಅಪೆಂಡ್ ಡೇಟಾ" ಆರಿಸಿದರೆ ಮಾಹಿತಿ ಅದಕ್ಕೆ ಸೇರುತ್ತದೆ.

ಪ್ರಶ್ನೆ ಕೇಳುವುದು

ಡೇಟಾಬೇಸ್‌ನ ಫಲ ಕಾಣುವುದು ಕ್ವೆರಿಯಲ್ಲಿ. ಇನ್ನೂ ಮರಳಿ ಬಾರದ ಪುಸ್ತಕಗಳು ಯಾವುವು, ಯಾರ ಬಳಿ ಇವೆ ಎಂದು ತಿಳಿಯಬೇಕಾದರೆ ಕ್ವೆರೀಸ್ ವಿಭಾಗದ ಡಿಸೈನ್ ವ್ಯೂನಲ್ಲಿ ಮೂರೂ ಕೋಷ್ಟಕಗಳನ್ನು ಸೇರಿಸಿ. ನಾವು ಎಳೆದ ಸಂಬಂಧದ ಗೆರೆಗಳು ಅಲ್ಲಿ ತಾವಾಗಿಯೇ ಕಾಣುತ್ತವೆ. ಪುಸ್ತಕದ ಹೆಸರು, ಸದಸ್ಯರ ಹೆಸರು, ಫೋನ್, ಮರಳಿಸಬೇಕಾದ ದಿನ, ಮರಳಿಸಿದ ದಿನ ಈ ಫೀಲ್ಡ್‌ಗಳನ್ನು ಆರಿಸಿ. ಕೊನೆಯದರ ಕೆಳಗೆ ಕ್ರೈಟೀರಿಯನ್ ಎಂಬಲ್ಲಿ "ಈಸ್ ಎಂಪ್ಟಿ" ಎಂದು ಇಂಗ್ಲಿಷಿನಲ್ಲಿ ಬರೆಯಿರಿ, ಮರಳಿಸಬೇಕಾದ ದಿನಕ್ಕೆ ಏರಿಕೆಯ ಕ್ರಮದ ಸಾರ್ಟ್ ಕೊಡಿ, ಎಫ್5 ಒತ್ತಿ. ಹೆಚ್ಚು ತಡವಾದ ಪುಸ್ತಕ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಇಲ್ಲಿ ಖಾಲಿ ಎಂದರೆ ಸೊನ್ನೆಯೂ ಅಲ್ಲ, ಸ್ಪೇಸ್ ಕೂಡ ಅಲ್ಲ, ಮಾಹಿತಿ ಇನ್ನೂ ಬಂದಿಲ್ಲ ಎಂದು ಮಾತ್ರ. ಖಾಲಿ ಜಾಗವನ್ನು ಅಡ್ಡಗೆರೆ ಹಾಕಿ ತುಂಬುವ ಕಾಗದದ ಅಭ್ಯಾಸವನ್ನು ಬಿಡಬೇಕಾದದ್ದು ಇದಕ್ಕಾಗಿ.

ಕ್ವೆರಿಯನ್ನು ಉಳಿಸಿದರೆ ಉಳಿಯುವುದು ಉತ್ತರವಲ್ಲ, ಪ್ರಶ್ನೆ. ನಾಳೆ ತೆರೆದಾಗ ಅದು ನಾಳೆಯ ಮಾಹಿತಿಯನ್ನೇ ತೋರಿಸುತ್ತದೆ. ಡಿಸೈನ್ ವ್ಯೂ ಕೈಗೆ ಹತ್ತಿದ ಮೇಲೆ ಅದನ್ನು ಎಸ್‌ಕ್ಯುಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ನೋಟಕ್ಕೆ ಬದಲಿಸಿ, ತಂತ್ರಾಂಶ ನಿಮ್ಮ ಪರವಾಗಿ ಬರೆದ ವಾಕ್ಯವನ್ನು ಓದಿ. ಸೆಲೆಕ್ಟ್ ಎಂದರೆ ಯಾವ ಫೀಲ್ಡ್‌ಗಳು ಬೇಕು, ಫ್ರಮ್ ಎಂದರೆ ಯಾವ ಕೋಷ್ಟಕಗಳಿಂದ, ವೇರ್ ಎಂದರೆ ಯಾವ ಷರತ್ತಿಗೆ ಒಳಪಟ್ಟು. ಈ ಭಾಷೆ 1986ರಲ್ಲೇ ಪ್ರಮಾಣೀಕರಣಗೊಂಡಿದೆ, ಇಲ್ಲಿ ಕಲಿತದ್ದು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ದೊಡ್ಡ ಡೇಟಾಬೇಸ್‌ಗಳಲ್ಲೂ ನಡೆಯುತ್ತದೆ. ಎಸ್‌ಕ್ಯುಎಲ್ ಕಲಿಯಲು ಇದಕ್ಕಿಂತ ಹಿತವಾದ ದಾರಿಯನ್ನು ನಾನು ಕಂಡಿಲ್ಲ.

ಫಾರ್ಮ್, ಪತ್ರ, ಪ್ರತಿ

ದಿನನಿತ್ಯ ಮಾಹಿತಿ ತುಂಬುವವರಿಗೆ ಕೋಷ್ಟಕವನ್ನೇ ತೆರೆದುಕೊಡಬಾರದು. ಫಾರ್ಮ್ ವಿಝಾರ್ಡ್‌ನಿಂದ ಒಂದು ನಮೂನೆ ಮಾಡಿ, ಸದಸ್ಯರ ಸಂಖ್ಯೆಯ ಜಾಗದಲ್ಲಿ ಲಿಸ್ಟ್ ಬಾಕ್ಸ್ ಇಟ್ಟರೆ ಅವರು ಹೆಸರನ್ನು ನೋಡಿ ಆರಿಸುತ್ತಾರೆ, ಒಳಗೆ ಸಂಖ್ಯೆ ದಾಖಲಾಗುತ್ತದೆ. ರಿಜಿಸ್ಟರ್ ಮಾಡಿದ ಡೇಟಾಬೇಸ್ ರೈಟರ್‌ನಲ್ಲೂ ಸಿಗುತ್ತದೆ. ವ್ಯೂ ಮೆನುವಿನಿಂದ ಡೇಟಾ ಸೋರ್ಸಸ್ ತೆರೆದು, ನಮ್ಮ ಕ್ವೆರಿಯ ಕಾಲಂ ಶೀರ್ಷಿಕೆಗಳನ್ನು ಪತ್ರದೊಳಕ್ಕೆ ಎಳೆದುಬಿಟ್ಟರೆ, ಪುಸ್ತಕ ಮರಳಿಸದ ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲಿ ನೆನಪಿನ ಪತ್ರ ಮುದ್ರಿಸಬಹುದು.

ಉಳಿಸುವ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಡೇಟಾಬೇಸ್‌ನಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿದ ಕೂಡಲೇ ಆ ದಾಖಲೆ ಸೇರಿಹೋಗುತ್ತದೆ, ಅಳಿಸಿದ ದಾಖಲೆ ಅನ್‌ಡೂ ಒತ್ತಿದರೆ ಮರಳುವುದಿಲ್ಲ. ಬೇಸ್‌ನಲ್ಲಿ ಮುಖ್ಯ ಕಿಟಕಿಯ ಕಡತವನ್ನೂ ಪ್ರತ್ಯೇಕವಾಗಿ ಉಳಿಸಬೇಕು. ಪ್ರತಿದಿನದ ಕೆಲಸ ಮುಗಿದ ಮೇಲೆ ತಂತ್ರಾಂಶವನ್ನು ಮುಚ್ಚಿ, ಕಡತದ ಒಂದು ಪ್ರತಿಯನ್ನು ಆ ದಿನದ ದಿನಾಂಕದ ಹೆಸರಿನಲ್ಲಿ ಬೇರೊಂದು ಡ್ರೈವ್‌ನಲ್ಲಿ ಇಡಿ. ಆ ಪ್ರತಿಗಳಲ್ಲೊಂದನ್ನು ಆಗಾಗ ತೆರೆದು ಕೊನೆಯ ದಾಖಲೆಯವರೆಗೂ ಇದೆಯೇ ಎಂದು ನೋಡುತ್ತಿರಬೇಕು, ತೆರೆದು ನೋಡದ ಪ್ರತಿಯನ್ನು ನಂಬಲಾಗದು.

ಇಂಥ ಎಂಬೆಡೆಡ್ ಡೇಟಾಬೇಸ್ ಒಬ್ಬರ ಬಳಕೆಗೆ ತಕ್ಕದ್ದು. ಒಂದೇ ವೇಳೆಯಲ್ಲಿ ಹಲವರು ಮಾಹಿತಿ ತುಂಬಬೇಕಾದಾಗ ಮಾರಿಯಾಡಿಬಿ ಅಥವಾ ಪೋಸ್ಟ್‌ಗ್ರೆಎಸ್‌ಕ್ಯುಎಲ್‌ನಂಥ ಸರ್ವರ್ ಡೇಟಾಬೇಸ್‌ಗೆ ಹೋಗಬೇಕು. ಆಗಲೂ ಬೇಸ್ ಅನ್ನು ಅದಕ್ಕೆ ಸಂಪರ್ಕಿಸಿ ಫಾರ್ಮ್ ಮತ್ತು ಕ್ವೆರಿಗಳಿಗೆ ಬಳಸಬಹುದು, ಮೂರು ಕೋಷ್ಟಕಗಳ ವಿನ್ಯಾಸವನ್ನೂ ಅವುಗಳ ನಡುವಿನ ಸಂಬಂಧವನ್ನೂ ಹಾಗೆಯೇ ಅಲ್ಲಿಗೆ ಕೊಂಡೊಯ್ಯಬಹುದು.